ಆಟದ ಯಂತ್ರಕ್ಕೊಂದು ಮಿದುಳು

ಕನ್ನಡ ಎಂ.ಎ. ಓದಿದವನ ಮನೆಗೆ ಜನರು ಸಾಮಾನ್ಯವಾಗಿ ಮೂರು ಕಾರಣಗಳಿಗಾಗಿ ಬರುತ್ತಾರೆ: ಮದುವೆಯ ಕರೆಯೋಲೆಯ ಒಕ್ಕಣೆ ತಿದ್ದಿಸಲು, ಹುಟ್ಟಿದ ಮಗುವಿಗೆ ಹೆಸರು ಕೇಳಲು, ಇಲ್ಲವೆ ತೀರಿಕೊಂಡವರ ಬಗೆಗೆ ಎರಡು ಒಳ್ಳೆಯ ಮಾತು ಬರೆಯಿಸಲು. 2025ರ ಬೇಸಗೆಯ ಒಂದು ಭಾನುವಾರ, ನಾಲ್ಕನೆಯ ಕಾರಣವೊಂದನ್ನು ಹೊತ್ತು ಕೊಳ್ಳೇಗಾಲದ ಬಸ್ಸಿನಿಂದ ಯಳಂದೂರಿನಲ್ಲಿ ಇಳಿದವನು ನನ್ನ ಸೋದರಳಿಯ. ಕೈಯಲ್ಲಿ ಒಂದು ನೋಟುಪುಸ್ತಕ. ಮುಖದಲ್ಲಿ ಸಂಧಾನಕ್ಕೆ ಬಂದ ರಾಯಭಾರಿಯ ಗಾಂಭೀರ್ಯ.

“ಮಾವ, ನಾನೊಂದು ಕಂಪ್ಯೂಟರು ಕಟ್ಟಬೇಕೆಂದಿದ್ದೇನೆ,” ಎಂದ.

ಕೊಳ್ಳುವುದಲ್ಲ, ಕಟ್ಟುವುದು. ಬಿಡಿಭಾಗಗಳನ್ನು ತಾನೇ ಆರಿಸಿ ತಾನೇ ಜೋಡಿಸುವ ಹುಚ್ಚು ಈಗಿನ ಹುಡುಗರಲ್ಲಿ ಬಲವಾಗಿದೆ. ಅವನ ತಾಯಿ, ಎಂದರೆ ನನ್ನ ಅಕ್ಕ, ಚೀಟಿ ಹಾಕಿ ಕೂಡಿಸಿದ್ದ 60,000 ರೂಪಾಯಿಯನ್ನು ಕೊಡಲು ಅರ್ಧ ಮನಸ್ಸು ಮಾಡಿದ್ದಳು. ಉಳಿದರ್ಧ ಮನಸ್ಸನ್ನು ನಾನು ಮಾಡಿಸಬೇಕಾಗಿತ್ತು.

“ಓದಿಗೆ ಬೇಕೇ ಬೇಕೆಂದು ನೀವೊಂದು ಮಾತು ಹೇಳಿದರೆ ಸಾಕು. ನೀವು ಲೆಕ್ಚರರು, ಅಮ್ಮ ನಂಬುತ್ತಾಳೆ.”

“ನಿಜವಾಗಿ ಓದಿಗೆ ಬೇಕೆ?”

ಅವನು ನೆಲ ನೋಡಿದ. “ಓದಿಗೂ ಆಗುತ್ತದೆ,” ಎಂದ.

ವ್ಯಾಕರಣ ಕಲಿಸುವವನಿಗೆ ಇಷ್ಟು ಸಾಕಲ್ಲವೆ? ಆ ‘ಊ’ ಒಂದರಲ್ಲೇ ಗುಟ್ಟೆಲ್ಲ ಅಡಗಿತ್ತು.

ನೋಟುಪುಸ್ತಕ ತೆರೆದೆ. ಮೊದಲ ಪುಟದಲ್ಲಿ ದಪ್ಪಕ್ಷರಗಳಲ್ಲಿ ಯಂತ್ರದ ಮಿದುಳಿನ ಹೆಸರು ಬರೆದಿದ್ದ: ಇಂಟೆಲ್ ಕೋರ್ ಐ7-14700ಕೆ. (ಪ್ರೊಸೆಸರಿಗೆ ‘ಸಂಸ್ಕಾರಕ’ವೆಂಬ ಮಾತನ್ನು ಕೋಶಗಳಲ್ಲಿ ಕಂಡಿದ್ದೇನೆ, ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ಪುರೋಹಿತರ ಮನೆಯ ದಾರಿ ತೋರಿಸಿಯಾರು.) 2023ರ ಅಕ್ಟೋಬರಿನಲ್ಲಿ ಬಂದ ಈ ಮಹಾಶಯನಿಗೆ 20 ಕೋರುಗಳು, ಎಂದರೆ ಒಂದೇ ತಲೆಯೊಳಗೆ ಇಪ್ಪತ್ತು ಪುಟ್ಟ ಮಿದುಳುಗಳು. ಆವೇಶ ಬಂದಾಗ 253 ವಾಟ್ ವಿದ್ಯುತ್ತು ಬೇಡುತ್ತಾನೆ. ತಂಪು ಮಾಡುವ ಬೀಸಣಿಗೆ ಜೊತೆಗೆ ಬಾರದು. ಅದನ್ನು ಬೇರೆ ಕೊಳ್ಳಬೇಕು. ಲೆಕ್ಕ ಹಾಕಿದರೆ ಅಕ್ಕನ ಚೀಟಿಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇವನೊಬ್ಬನ ಪಾಲು. ಪುಟದ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, “ಗ್ರಾಫಿಕ್ಸ್ ಕಾರ್ಡು: ಆಮೇಲೆ ನೋಡೋಣ” ಎಂದಿತ್ತು.

ಹುಡುಗನನ್ನು ಗದರಿಸುವ ಅಧಿಕಾರ ನನಗಿರಲಿಲ್ಲ. ಅದರ ಕಾರಣವನ್ನು ಈ ಪುಟದ ಓದುಗರ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

2011ರಲ್ಲಿ ನಾನು ಎಂ.ಎ. ವಿದ್ಯಾರ್ಥಿ. ಪ್ರಬಂಧ ಬರೆಯಲು ಕಂಪ್ಯೂಟರು ಬೇಕೆಂದು ತಂದೆಯವರಿಗೆ ಹೇಳಿದೆ. ಅವರು ಅರಿಸಿನ ಮಾರಿ ಬಂದ ಹಣವನ್ನು ಎರಡು ಸಲ ಎಣಿಸಿ ಕೊಟ್ಟರು. ನನ್ನ ಮನಸ್ಸಿನಲ್ಲಿದ್ದುದು ಮಾತ್ರ ಕಾರುಗಳ ಪಂದ್ಯದ ಆಟ. ಅಂಗಡಿಯಲ್ಲಿಯೂ ನಾಚಿಕೆ ಬಿಡದೆ ಪ್ರಬಂಧವೆಂದೇ ಹೇಳಿ, “ಇರುವುದರಲ್ಲಿ ಒಳ್ಳೆಯದು ಕೊಡಿ” ಎಂದು ಸೇರಿಸಿದೆ. ಆತ ಆ ವರ್ಷವೇ ಬಂದಿದ್ದ ಐ7-2600 ಎಂಬ ನಾಲ್ಕು ಕೋರುಗಳ ಪ್ರೊಸೆಸರನ್ನು ಕೊಟ್ಟ. ಗ್ರಾಫಿಕ್ಸ್ ಕಾರ್ಡಿನ ಮಾತೆತ್ತಲಿಲ್ಲ. ಪ್ರಬಂಧ ಬರೆಯುವವನಿಗೆ ಅದೇಕೆ? ಅವನದು ಯಾವ ತಪ್ಪೂ ಅಲ್ಲ. ಮನೆಗೆ ತಂದು ಆಟ ತೆರೆದರೆ ಕಾರುಗಳು ಜಾತ್ರೆಯ ತೇರಿನಂತೆ ನಿಂತು ನಿಂತು ಸಾಗಿದವು. ಕಡೆಗೆ ಆ ಪ್ರಚಂಡ ಮಿದುಳು ಮಾಡಿದ ಕೆಲಸವೆಂದರೆ ನಾನು ಒತ್ತಿದ ಅಕ್ಷರವನ್ನು ಪರದೆಯ ಮೇಲೆ ತೋರಿಸಿದ್ದು. ಇರುವೆ ಹೊರಬಹುದಾದ ಕಾಳನ್ನು ಆನೆಯ ಮೇಲೆ ಹೇರಿದಂತೆ. ರಾತ್ರಿ ತಂದೆಯವರು ಬಾಗಿಲಲ್ಲಿ ನಿಂತು “ಎಷ್ಟು ಪುಟವಾಯಿತಪ್ಪ?” ಎಂದು ಕೇಳುತ್ತಿದ್ದರು. ಈಗ ಅವರಿಲ್ಲ. ನಿಜ ಹೇಳುವ ಅವಕಾಶವೂ ಉಳಿದಿಲ್ಲ.

ಯಂತ್ರ ಕೆಟ್ಟದ್ದಾಗಿರಲಿಲ್ಲ, ನಾನು ಹೇಳಿದ ಉದ್ದೇಶ ಸುಳ್ಳಾಗಿತ್ತು. ಇಷ್ಟು ಹೇಳಿ, “ಸುಳ್ಳು ಹೇಳಿಕೊಡಲಾರೆ, ಲೆಕ್ಕ ಹೇಳಿಕೊಡುತ್ತೇನೆ,” ಎಂದೆ.

ಅಕ್ಕನ ಮನೆಯಲ್ಲಿ ರೇಷ್ಮೆಯ ಮಗ್ಗವುಂಟು. ಆದುದರಿಂದ ಅವನಿಗೆ ತಿಳಿಸುವುದು ಸುಲಭವಾಯಿತು. ಮಗ್ಗದ ಮೇಲಿನ ಜಕಾರ್ಡು ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕೆಂಬ ಆಜ್ಞೆ ಕೊಡುತ್ತದೆ. ಕೆಳಗೆ ಲಾಳಿ ಓಡಾಡಿ ಬಟ್ಟೆಯಾಗುತ್ತದೆ. ಪ್ರೊಸೆಸರು ಜಕಾರ್ಡು, ಗ್ರಾಫಿಕ್ಸ್ ಕಾರ್ಡು ನೇಯುವ ಕೈ. (ಹೋಲಿಕೆ ಬರಿಯ ಅಲಂಕಾರವಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡನು ಮಗ್ಗಕ್ಕೆ ಅಳವಡಿಸಿದ ತೂತಿನ ಅಟ್ಟೆಗಳನ್ನೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣನಯಂತ್ರದ ಕಲ್ಪನೆಗೆ ತೆಗೆದುಕೊಂಡನು.) ಶತ್ರು ಎಲ್ಲಿ ನಿಂತ, ಗುಂಡು ಯಾರಿಗೆ ತಾಗಿತು, ಗೋಡೆ ಬಿದ್ದರೆ ಕಲ್ಲು ಎತ್ತ ಉರುಳಿತು ಎಂಬುದನ್ನೆಲ್ಲ ನಿರ್ಣಯಿಸುವುದು ಪ್ರೊಸೆಸರು. ಆ ನಿರ್ಣಯದಂತೆ ಚಿತ್ರ ಬರೆಯುವುದು ಕಾರ್ಡು. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು, 144 ಬೇಕಾದರೆ ಸುಮಾರು 7. ಇಬ್ಬರಲ್ಲಿ ಯಾರು ತಡ ಮಾಡಿದರೂ ಇನ್ನೊಬ್ಬ ಕೈಕಟ್ಟಿ ಕಾಯಬೇಕು.

ಪರದೆಯ ಅಳತೆಯೂ ಇಲ್ಲಿ ಮುಖ್ಯ. 1920ಕ್ಕೆ 1080ರ ಸಾಮಾನ್ಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ. 4ಕೆ ಎಂಬ ದೊಡ್ಡ ಪರದೆಯಲ್ಲಿ ಅದರ ನಾಲ್ಕು ಮಡಿ. ಚುಕ್ಕೆಗಳು ಹೆಚ್ಚಿದಂತೆ ಕಾರ್ಡಿನ ದುಡಿಮೆ ಹೆಚ್ಚುತ್ತದೆ; ಪ್ರೊಸೆಸರಿನ ದುಡಿಮೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆದುದರಿಂದ ಸಾಮಾನ್ಯ ಪರದೆಯಲ್ಲಿ, ವ್ಯಾಲರೆಂಟ್ ಅಥವಾ ಕೌಂಟರ್-ಸ್ಟ್ರೈಕ್ 2ರಂತಹ ಚುರುಕಿನ ಆಟಗಳನ್ನು ಆಡುವವನಿಗೆ ಪ್ರೊಸೆಸರಿನ ವೇಗ ಕಣ್ಣಿಗೆ ಕಾಣುತ್ತದೆ. ಸೈಬರ್‌ಪಂಕ್ 2077ರಂತಹ ವೈಭವದ ಆಟಕ್ಕೆ ಮೊದಲು ಬೇಕಾದುದು ಗಟ್ಟಿಯಾದ ಕಾರ್ಡು.

ಸಂಜೆ ಗೌರೀಶ್ವರ ದೇವಾಲಯದ ಕಡೆಗೆ ನಡೆದೆವು. ನಮ್ಮೂರಿನ ಬಳೆ ಮಂಟಪವನ್ನು ನೋಡದವರು ಒಮ್ಮೆ ಬಂದು ನೋಡಬೇಕು. ಕಲ್ಲಿನ ಬಳೆಗಳನ್ನು ಒಂದರೊಳಗೊಂದು ಕೋದಂತೆ ಕಡೆದ ಸರಪಳಿಗಳು ಅಲ್ಲಿವೆ. ಅವನ್ನು ತೋರಿಸಿ ಕೇಳಿದೆ: “ಇದರಲ್ಲಿ ಮೇಲಿನ ಬಳೆಯೊಂದನ್ನು ಚಿನ್ನದಲ್ಲಿ ಮಾಡಿ, ಮಿಕ್ಕವನ್ನು ಬೆಂಡಿನಲ್ಲಿ ಮಾಡಿದ್ದರೆ?”

“ಚಿನ್ನದ ಬಳೆಯನ್ನು ಕಳ್ಳರು ಒಯ್ಯುತ್ತಿದ್ದರು,” ಎಂದ. ನಾನು ನಿರೀಕ್ಷಿಸಿದ ಉತ್ತರ ಇದಲ್ಲ. ಆದರೆ ಹುಡುಗ ನೋಟುಪುಸ್ತಕ ತೆಗೆದು ಮೊದಲ ಸಾಲನ್ನು ಹೊಡೆದುಹಾಕಿದ.

ಆ ಮೇಲೆ ನಾವಿಬ್ಬರೂ ಕುಳಿತು ಕಲಿತುಕೊಂಡ ಕೆಲವು ಸಂಗತಿಗಳು ಇತರ ಮನೆಗಳ ಸೋದರಳಿಯರಿಗೂ ಉಪಯೋಗಕ್ಕೆ ಬಂದಾವು.

ಮೊದಲನೆಯದು ಕೋರುಗಳ ಸಂಖ್ಯೆ. ಸಾಮಾನ್ಯ ಪರದೆಯಲ್ಲಿ ಆಡುವ ಮೊದಲ ಯಂತ್ರಕ್ಕೆ ಆರು ಸಾಕು. ಹೆಚ್ಚಿನ ಆಟಗಳ ಭಾರ ಕೆಲವೇ ಕೋರುಗಳ ಮೇಲೆ ಬೀಳುವುದರಿಂದ, ನಿಧಾನದ ಇಪ್ಪತ್ತಕ್ಕಿಂತ ಚುರುಕಿನ ಆರು ಮೇಲು. ಆರು ಕೋರುಗಳ ಪ್ರೊಸೆಸರು ನಮಗೆ ಪರಕೀಯವೂ ಅಲ್ಲ. 2008ರಲ್ಲಿ ಇಂಟೆಲ್ ಕಂಪನಿ ಹೊರತಂದ ‘ಡನಿಂಗ್ಟನ್’ ಎಂಬ ಆರು ಕೋರುಗಳ ಸರ್ವರ್ ಪ್ರೊಸೆಸರಿನ ವಿನ್ಯಾಸ ನಡೆದುದು ನಮ್ಮ ಬೆಂಗಳೂರಿನಲ್ಲಿ. ಅದರ ಪ್ರತಿಸ್ಪರ್ಧಿ ಎಎಂಡಿ ಕಂಪನಿ ತನ್ನ ಅತಿ ದೊಡ್ಡ ವಿನ್ಯಾಸಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದುದೂ ಅಲ್ಲಿಯೇ.

ಎರಡನೆಯದು ಹೆಸರಿನ ಕೊನೆಯ ಅಕ್ಷರ. ಇಂಟೆಲ್ಲಿನ ಹೆಸರಿನಲ್ಲಿ ‘ಎಫ್’ ಇದ್ದರೆ ಆ ಪ್ರೊಸೆಸರಿಗೆ ತನ್ನದೇ ಆದ ಚಿತ್ರಶಕ್ತಿ ಇಲ್ಲವೆಂದು ಅರ್ಥ. ಕಾರ್ಡಿಲ್ಲದಿದ್ದರೆ ಪರದೆ ಕತ್ತಲೆ. ‘ಕೆ’ ಇದ್ದರೆ ವೇಗವನ್ನು ಇನ್ನೂ ಏರಿಸಿಕೊಳ್ಳಬಹುದು; ಹೊಸಬನಿಗೆ ಅದು ಬೇಡದ ಉಸಾಬರಿ. ಎಎಂಡಿಯ ರೈಜೆನ್ 5 5600ಜಿ ಎಂಬಲ್ಲಿನ ‘ಜಿ’ ಒಳಗೇ ಸುಮಾರಾದ ಚಿತ್ರಶಕ್ತಿ ಇದೆಯೆಂಬ ಗುರುತು. ಕಾರ್ಡಿಗೆ ಈಗ ಹಣವಿಲ್ಲದವನು ಇಂತಹುದನ್ನು ಕೊಂಡು ಹಗುರವಾದ ಆಟಗಳನ್ನು ಆಡುತ್ತ ಕಾರ್ಡಿಗಾಗಿ ಕೂಡಿಡಬಹುದು. ‘ಎಕ್ಸ್3ಡಿ’ ಎಂದರೆ ಮಿದುಳಿನ ಪಕ್ಕದಲ್ಲೇ ಇರುವ ಕ್ಯಾಶೆ ಎಂಬ ಕಿರುನೆನಪು ದೊಡ್ಡದು. 2022ರಲ್ಲಿ ಬಂದ 5800ಎಕ್ಸ್3ಡಿಯಲ್ಲಿ ಅದು 32ರಿಂದ 96 ಮೆಗಾಬೈಟಿಗೆ ಏರಿತು. ಆಟಗಳಿಗೆ ಅದರಿಂದ ಬಹಳ ಉಪಕಾರವಾಯಿತು. ಕೊಳ್ಳುವವನ ಜೇಬಿಗೆ ಆಗಲಿಲ್ಲ.

ಮೂರನೆಯದು ಪ್ರೊಸೆಸರು ಕೂರುವ ಪೀಠ, ಸಾಕೆಟ್ಟು. ಮದುವೆಯಲ್ಲಿ ಹೆಣ್ಣಿನೊಡನೆ ಮನೆತನವನ್ನೂ ನೋಡುವಂತೆ, ಪ್ರೊಸೆಸರಿನೊಡನೆ ಮದರ್‌ಬೋರ್ಡನ್ನೂ ನೋಡಬೇಕು. ಎಎಂಡಿಯ ಹಳೆಯ ಎಎಂ4 ಪೀಠಕ್ಕೆ ಡಿಡಿಆರ್4 ಮೆಮೊರಿ ಸಾಕು. 2022ರಲ್ಲಿ ಬಂದ ಎಎಂ5 ಪೀಠಕ್ಕೆ ಡಿಡಿಆರ್5 ಮಾತ್ರವೇ ಸರಿ. ಖರ್ಚು ಹೆಚ್ಚು, ಆದರೆ 2027ರವರೆಗೂ ಅದರಾಚೆಗೂ ಆ ಪೀಠವನ್ನು ನಡೆಸುವುದಾಗಿ ಕಂಪನಿ ಮಾತು ಕೊಟ್ಟಿದೆ. ಇಂಟೆಲ್ಲಿನ ಎಲ್‌ಜಿಎ 1700 ಪೀಠ 12, 13, 14ನೆಯ ತಲೆಮಾರುಗಳನ್ನು ಹೊತ್ತಿತು. 2024ರ ಅಕ್ಟೋಬರಿನಲ್ಲಿ ಬಂದ ಹೊಸ ಸಂತತಿಗೆ ಪೀಠವೇ ಬೇರೆ. 13 ಮತ್ತು 14ನೆಯ ತಲೆಮಾರಿನ ಬಲಶಾಲಿಗಳಲ್ಲಿ ವೋಲ್ಟೇಜಿನ ದೋಷದಿಂದ ಅಸ್ಥಿರತೆ ಕಾಣಿಸಿದುದನ್ನು 2024ರಲ್ಲಿ ಇಂಟೆಲ್ ತಾನೇ ಒಪ್ಪಿ, ತಿದ್ದುಪಡಿ ಕೊಟ್ಟು, ಖಾತರಿಯನ್ನು ಎರಡು ವರ್ಷ ಹಿಗ್ಗಿಸಿತು. ಅಂತಹುದನ್ನು ಕೊಳ್ಳುವವರು ಮದರ್‌ಬೋರ್ಡಿನ ಬಯಾಸನ್ನು ಮೊದಲು ನವೀಕರಿಸಿಕೊಳ್ಳಬೇಕು.

ನಾಲ್ಕನೆಯದು ಹಣದ ಹಂಚಿಕೆ. ಪ್ರೊಸೆಸರಿಗೆ ಒಂದು ಪಾಲೆಂದರೆ ಗ್ರಾಫಿಕ್ಸ್ ಕಾರ್ಡಿಗೆ ಎರಡು ಪಾಲು. ಆಟದ ಯಂತ್ರಕ್ಕೆ ಇದು ಒರಟಾದರೂ ನಂಬಬಹುದಾದ ಸೂತ್ರ. ವಿದ್ಯುತ್ತು ಹೋಗಿ ಬರುವ ನಮ್ಮಂತಹ ಊರುಗಳಲ್ಲಿ ಒಳ್ಳೆಯ ಪವರ್ ಸಪ್ಲೈಗೂ ಯುಪಿಎಸ್ಸಿಗೂ ಜಿಪುಣತನ ಮಾಡಬಾರದು. ಇಲ್ಲಿ 65 ವಾಟಿನ ಪ್ರೊಸೆಸರು 253 ವಾಟಿನವನಿಗಿಂತ ಸಂಸಾರಕ್ಕೆ ಒಳ್ಳೆಯ ಅಳಿಯ. ಕೊನೆಯದಾಗಿ, ಪೆಟ್ಟಿಗೆಯಲ್ಲಿ ಮುಚ್ಚಿ ಬಂದುದನ್ನೇ ಕೊಳ್ಳಬೇಕು. ಎರಡೂ ಕಂಪನಿಗಳ ಮೂರು ವರ್ಷದ ಖಾತರಿ ಅದಕ್ಕುಂಟು. ‘ಟ್ರೇ’ ಎಂದು ಬಿಡಿಯಾಗಿ ಮಾರುವುದಕ್ಕೆ ಅಂಗಡಿಯವನ ಮಾತೇ ಖಾತರಿ.

ಹೀಗೆ ಅಳೆದು ಸುರಿದು ರೈಜೆನ್ 5 5600 ಎಂದು ನಿಶ್ಚಯವಾಯಿತು: ಆರು ಕೋರು, 65 ವಾಟ್, ಬೀಸಣಿಗೆ ಜೊತೆಗೇ. ಇನ್ನುಳಿದುದು ಅಕ್ಕನ ಒಪ್ಪಿಗೆ.

ಕೊಳ್ಳೇಗಾಲಕ್ಕೆ ಇಬ್ಬರೂ ಹೋದೆವು. ಹುಡುಗ ತಾಯಿಯ ಮುಂದೆ ನಿಂತು, “ಅಮ್ಮ, ಇದು ಆಟಕ್ಕೆ. ಓದಿಗೂ ಆಗುತ್ತದೆ,” ಎಂದ. ಈ ಸಲದ ‘ಊ’ ಪ್ರಾಮಾಣಿಕವಾಗಿತ್ತು. ಅಕ್ಕ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಒಳಗೆ ಹೋಗಿ ಹಣ ತಂದು, ಅದರಲ್ಲಿ ನಾಲ್ಕು ಸಾವಿರವನ್ನು ಸೆರಗಿಗೆ ಕಟ್ಟಿಕೊಂಡು ಉಳಿದುದನ್ನು ಕೊಟ್ಟಳು. “ಓದಿಗೆ ಎಂದಿದ್ದರೆ ಪೂರ್ತಿ ಕೊಡುತ್ತಿದ್ದೆನೇನೋ,” ಎಂದು ನಕ್ಕಳು. ಸತ್ಯಕ್ಕೆ ನಾಲ್ಕು ಸಾವಿರ ಬೆಲೆ ಬಿತ್ತು. ಯಂತ್ರದ ಬಣ್ಣದ ದೀಪಗಳು ಹೋದವು, ಪರದೆ ಹಳೆಯದಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಹಗಲೆಲ್ಲ ಅಲೆದು, ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆವು. ಆ ವರ್ಷದ ಕೊನೆಯಲ್ಲಿ ಮೆಮೊರಿಯ ಬೆಲೆ ಜಗತ್ತಿನಲ್ಲೆಲ್ಲ ಜಿಗಿಯಿತು. ಕೃತಕ ಬುದ್ಧಿಮತ್ತೆಯ ಕಾರ್ಖಾನೆಗಳು ಇದ್ದುದನ್ನೆಲ್ಲ ಕೊಂಡುಬಿಟ್ಟವೆಂದು ಕೇಳಿದೆವು. ಬೇಸಗೆಯಲ್ಲಿ ಕೊಂಡುದು ನಮ್ಮ ಜಾಣತನವಲ್ಲ, ಪುಣ್ಯ.

ಜೋಡಿಸುವ ರಾತ್ರಿ ಮನೆಯವರೆಲ್ಲ ಸುತ್ತ ಕುಳಿತರು. ಆ ಪ್ರೊಸೆಸರಿನ ಅಡಿಯಲ್ಲಿ ಕೂದಲಿನಂತಹ 1331 ಸೂಜಿಗಳು. ಮೂಲೆಯ ಚಿನ್ನದ ತ್ರಿಕೋನವನ್ನು ಪೀಠದ ಗುರುತಿಗೆ ಸರಿಹೊಂದಿಸಿ ಮೆಲ್ಲನೆ ಬಿಡಬೇಕು. ಒತ್ತಿದರೆ ಸೂಜಿ ಬಾಗಿ ಎಲ್ಲ ಕೆಟ್ಟಿತು. ಹುಡುಗನ ಕೈ ನಡುಗಿತು.

“ಎಳೆ ಕಟ್ಟುವ ಮನೆಯವನು; ಕೈ ನಡುಗಬಾರದು,” ಎಂದಳು ಅಕ್ಕ. ಪ್ರೊಸೆಸರು ತಾನಾಗಿ ಕುಳಿತಿತು.

ಪರದೆಯ ಮೇಲೆ ಕಾರುಗಳು ಓಡಿದಾಗ ಅವಳು ಸ್ವಲ್ಪ ಹೊತ್ತು ನೋಡಿ, “ಇದಕ್ಕೇನಾ ಅರವತ್ತು ಸಾವಿರ?” ಎಂದಳು.

“ಐವತ್ತಾರು,” ಎಂದ ಮಗ.

ಆಮೇಲೆ ನನ್ನ ಕಡೆ ತಿರುಗಿ, “ಮಾವ, ನೀವೊಂದಾಟ?” ಎಂದು ಕುರ್ಚಿ ಬಿಟ್ಟುಕೊಟ್ಟ. ಹದಿನಾಲ್ಕು ವರ್ಷ ತಡವಾಗಿ ನಾನು ಕಾರು ಓಡಿಸಿದೆ; ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದೆ. ತಪ್ಪು ಪ್ರೊಸೆಸರಿನದಲ್ಲ.