ನಾಯಿಯ ಹೃದಯದಲ್ಲಿ ಬೆಳೆಯುವ ಹುಳು

ನಾಯಿಯನ್ನು ಸಾಕಿರುವ ಗೃಹಸ್ಥರು ಅದರ ಮೈಮೇಲಿನ ಉಣ್ಣೆಯನ್ನೂ ಹೊಟ್ಟೆಯ ಜಂತುವನ್ನೂ ಬಲ್ಲರು. ಉಣ್ಣೆಯು ಕಣ್ಣಿಗೆ ಕಾಣುವುದು. ಜಂತುವು ಮಲದಲ್ಲಿ ಬೀಳುವುದು. ಹೃದಯದ ಹುಳುವಾದರೋ ಹೀಗೆ ತನ್ನ ಗುರುತನ್ನು ಬಿಟ್ಟುಕೊಡುವುದಿಲ್ಲ. ನಾಯಿಯು ಕೆಮ್ಮತೊಡಗಿ, ಸ್ವಲ್ಪ ಓಡಿದರೂ ಏದುಸಿರು ಬಿಟ್ಟು, ಮೈಯಿಳಿಯುವ ವೇಳೆಗೆ ಆ ಹುಳುವು ಒಳಗೆ ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ, ವಾಸಮಾಡಿರುತ್ತದೆ. ಆದುದರಿಂದ ಆರೋಗ್ಯವಾಗಿ ಕಾಣುವ ನಾಯಿಗೇ ಪರೀಕ್ಷೆಯನ್ನು ಮಾಡಿಸಬೇಕೆಂದು ನಾವು ಹೇಳುವುದು.

ಶಾಸ್ತ್ರಜ್ಞರು ಇದಕ್ಕೆ ಡೈರೊಫೈಲೇರಿಯ ಇಮ್ಮಿಟಿಸ್ ಎಂದು ಹೆಸರಿಟ್ಟಿದ್ದಾರೆ. ರೋಗವುಳ್ಳ ನಾಯಿಯನ್ನು ಮುಟ್ಟಿದುದರಿಂದಾಗಲಿ ನೆಕ್ಕಿದುದರಿಂದಾಗಲಿ ಇದು ಬರತಕ್ಕದ್ದಲ್ಲ, ತರುವುದು ಸೊಳ್ಳೆ. ಅಂಥ ನಾಯಿಯ ರಕ್ತವನ್ನು ಹೀರಿದ ಸೊಳ್ಳೆಯೊಳಕ್ಕೆ ಹುಳುವಿನ ಸೂಕ್ಷ್ಮವಾದ ಮರಿಗಳು ಸೇರಿ, ಬೆಚ್ಚನೆಯ ಹವೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಬಲಿತು, ಅದು ಮತ್ತೊಂದು ನಾಯಿಯನ್ನು ಕಚ್ಚಿದಾಗ ಆ ಗಾಯದಿಂದ ಒಳಹೊಗುತ್ತವೆ. ಆರೇಳು ತಿಂಗಳಲ್ಲಿ ಅವು ಶ್ವಾಸಕೋಶದ ರಕ್ತನಾಳಗಳನ್ನೂ ಹೃದಯದ ಬಲಭಾಗವನ್ನೂ ಸೇರಿ ಪ್ರಾಯಕ್ಕೆ ಬರುತ್ತವೆ. ಹೆಣ್ಣುಹುಳುವು ದಾರದಂತೆ ತೆಳ್ಳಗಿದ್ದು 25ರಿಂದ 30 ಸೆಂಟಿಮೀಟರು, ಎಂದರೆ ಗೇಣಿಗಿಂತಲೂ ಉದ್ದವಾಗಿರುತ್ತದೆ. 5ರಿಂದ 7 ವರ್ಷ ಬದುಕುವುದುಂಟು.

ಪರೀಕ್ಷೆಗೆ ಸ್ವಲ್ಪವೇ ರಕ್ತ ಸಾಕು. ಹೆಣ್ಣುಹುಳುವು ರಕ್ತಕ್ಕೆ ಬಿಡುವ ಆಂಟಿಜೆನ್ ಎಂಬ ವಸ್ತುವನ್ನು ಪಶುವೈದ್ಯರು ಅದರಲ್ಲಿ ಹುಡುಕುತ್ತಾರೆ. ಇನ್ನೂ ಬಲಿಯದ ಹುಳುವನ್ನು ಈ ಪರೀಕ್ಷೆಯು ಕಾಣಲಾರದು. ಆದುದರಿಂದ ಒಮ್ಮೆ “ಇಲ್ಲ” ಎಂಬ ಉತ್ತರ ಬಂದಿತೆಂದು ನೆಮ್ಮದಿಯಿಂದಿರದೆ ವರ್ಷಕ್ಕೊಂದು ಸಲ ಮಾಡಿಸುತ್ತಿರಬೇಕು. ಸೂಕ್ಷ್ಮದರ್ಶಕದಲ್ಲಿ ರಕ್ತವನ್ನಿಟ್ಟು ಮರಿಗಳನ್ನು ನೋಡುವ ಪದ್ಧತಿಯೂ ಉಂಟು. ಕನ್ನಡನಾಡಿನ ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಹೃದಯದ ಹುಳುವು ಅಸ್ಸಾಂ, ಮಿಜೋರಂ ಮೊದಲಾದ ಈಶಾನ್ಯದ ಸೀಮೆಗಳ ನಾಯಿಗಳಲ್ಲಿ ಕಂಡುಬಂದಿದೆ. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಅದರ ದಾಯಾದಿಯಾದ ಡೈರೊಫೈಲೇರಿಯ ರೆಪೆನ್ಸ್. ಇದು ಹೃದಯಕ್ಕೆ ಹೋಗದೆ ಚರ್ಮದಡಿಯಲ್ಲಿರುತ್ತದೆ. ಎರಡರ ಮರಿಗಳೂ ನೋಟಕ್ಕೆ ಬಹುಮಟ್ಟಿಗೆ ಒಂದೇ. ಆದುದರಿಂದ ಮರಿ ಕಂಡಿತೆಂದ ಮಾತ್ರಕ್ಕೆ ಗಾಬರಿಪಡದೆ, ಆಂಟಿಜೆನ್ ಪರೀಕ್ಷೆಯನ್ನೂ ಮಾಡಿಸಿರೆಂದು ವೈದ್ಯರನ್ನು ಕೇಳಬೇಕು.

ರೋಗವು ಬೇರೂರಿದ ಮೇಲೆ ಚಿಕಿತ್ಸೆ ಸುಲಭವಲ್ಲ. ಪಾಷಾಣದ ಅಂಶವುಳ್ಳ ಔಷಧವನ್ನು ಸೊಂಟದ ಮಾಂಸಕ್ಕೆ ಚುಚ್ಚಿ ಹುಳುವನ್ನು ಕೊಲ್ಲಬೇಕು. ಸತ್ತ ಹುಳುವಿನ ತುಂಡುಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದಾದುದರಿಂದ, ಓಡಾಡಿ ನಲಿಯುವ ಪ್ರಾಣಿಯನ್ನು ತಿಂಗಳುಗಟ್ಟಲೆ ಕಟ್ಟಿಹಾಕಿರಬೇಕು. ಮಕ್ಕಳಿರುವ ಮನೆಯಲ್ಲಿ ಇದೆಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ.

ಬಾರದಂತೆ ತಡೆಯುವುದಾದರೋ ತಿಂಗಳಿಗೊಂದು ಗುಳಿಗೆಯ ಕೆಲಸ. ಐವರ್ಮೆಕ್ಟಿನ್, ಮಿಲ್ಬೆಮೈಸಿನ್ ಮೊದಲಾದ ಔಷಧಗಳು ಮುಂದೆ ಬರುವ ಮರಿಗಳನ್ನು ತಡೆಯುತ್ತವೆಂದು ಹಲವರು ತಿಳಿದಿರುವರು. ಹಾಗಲ್ಲ, ಹಿಂದಿನ ತಿಂಗಳಲ್ಲಿ ಒಳಸೇರಿದ ಮರಿಗಳನ್ನು ಅವು ಕೊಲ್ಲುತ್ತವೆ. ತಿಂಗಳುಗಳನ್ನು ತಪ್ಪಿಸಿದರೆ ಮರಿಗಳು ಬಲಿತು ಔಷಧಕ್ಕೆ ಜಗ್ಗುವುದಿಲ್ಲ. ಇನ್ನು, ಬೆಳೆದ ನಾಯಿಗೆ ಪರೀಕ್ಷೆಯಿಲ್ಲದೆ ಗುಳಿಗೆಯನ್ನು ಆರಂಭಿಸತಕ್ಕದ್ದಲ್ಲ: ರಕ್ತದಲ್ಲಿ ಮರಿಗಳು ತುಂಬಿದ್ದರೆ ಅವೆಲ್ಲ ಒಮ್ಮೆಗೇ ಸತ್ತು ನಾಯಿಯು ಕುಸಿದುಬೀಳುವ ಸಂಭವವುಂಟು. ಏಳು ತಿಂಗಳೊಳಗಿನ ಮರಿನಾಯಿಗೆ ಮಾತ್ರ, ವೈದ್ಯರ ಅನುಮತಿಯಿಂದ, ಮೊದಲು ಗುಳಿಗೆಯನ್ನು ಕೊಟ್ಟು ಆರು ತಿಂಗಳ ಮೇಲೆ ಪರೀಕ್ಷಿಸಬಹುದು.

ಹಟ್ಟಿಯ ದನಗಳಿಗೆಂದು ತಂದಿಟ್ಟ ಐವರ್ಮೆಕ್ಟಿನ್ ಸೀಸೆಯಿಂದ ನಾಯಿಗೂ ಒಂದು ತೊಟ್ಟು ಹಾಕುವವರುಂಟು. ಈ ರೋಗವನ್ನು ತಡೆಯಲು ನಾಯಿಗೆ ಬೇಕಾದುದು ದೇಹದ ತೂಕದ ಒಂದು ಕಿಲೋಗೆ 6 ಮೈಕ್ರೊಗ್ರಾಂ; ದನಕ್ಕೆ ಕೊಡುವುದು 200 ಮೈಕ್ರೊಗ್ರಾಂ. ಕಾಲಿ ಜಾತಿಯ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಈ ಔಷಧದ ಹೆಚ್ಚಿನ ಪ್ರಮಾಣವು ಮೆದುಳಿಗೇರಿ ವಿಷವಾಗುತ್ತದೆ. ಆ ಸೀಸೆಯು ಹಟ್ಟಿಯಲ್ಲಿಯೇ ಇರಲಿ; ನಾಯಿಯನ್ನು ತೂಗಿಸಿ, ಅದರ ತೂಕಕ್ಕೆ ತಕ್ಕ ಗುಳಿಗೆಯನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು.