ಪಾಸ್ಟರಮ್ಮ ಅಂದರೆ ಪಾಸ್ಟರನ ಹೆಂಡತಿ ಮಾತ್ರವೇ?

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಚಿಗವ್ವ ತೀರಿಕೊಂಡಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಸಣ್ಣ ಊರು ನಮ್ಮದು. ನಸುಕಿನ ನಾಲ್ಕಕ್ಕೆ ಜೀವ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ಕುಣಿ ತೋಡಿ ಮುಗಿದಿತ್ತು, ಬರಬೇಕಾದವರೆಲ್ಲ ಬಂದಿದ್ದರು. ಮಣ್ಣು ಮಾಡಿದ್ದು ಮಾತ್ರ ಸಂಜೆ ನಾಲ್ಕೂವರೆಗೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಕಂಡವರಿಗೆ, ಹೆಣ ಇಟ್ಟುಕೊಂಡು ಆರು ತಾಸು ಕಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾದದ್ದು ಪಾಸ್ಟರಿಗಾಗಿ.

ಪಾಸ್ಟರ್ ಅಲ್ಲೇ ಇದ್ದರು. ನಸುಕಿನಿಂದಲೂ ಇದ್ದರು. ಚಿಗವ್ವ ಹಾಸಿಗೆ ಹಿಡಿದ ಎಂಟು ತಿಂಗಳು ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು, ಅವಳ ಬೆನ್ನಿನ ಹುಣ್ಣು ಒರೆಸಿ, ಕೈ ಹಿಡಿದು ಪ್ರಾರ್ಥನೆ ಮಾಡಿ ಹೋಗುತ್ತಿದ್ದವರು ಅವರೇ. ದೇವಶಾಸ್ತ್ರದಲ್ಲಿ ಬಿ.ಡಿ. ಪದವಿ ಮಾಡಿದವರು. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟು ಎರಡು ವರ್ಷವಾಗಿತ್ತು. ಆದರೆ ಅವರು ಹೆಂಗಸು. ಸಭೆಯ ಹಿರಿಯರೊಬ್ಬರು ಬೇವಿನ ಗಿಡದ ಕೆಳಗೆ ಕೂತು ತೀರ್ಪು ಕೊಟ್ಟರು: "ಆಕಿ ಪ್ರಾರ್ಥನಿ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಣ್ಣಿಗೆ ಗಂಡ್ಸು ಬೇಕು." ಗಂಡಸು ಪಾಸ್ಟರ್ ಹರಪನಹಳ್ಳಿಯಲ್ಲಿ ಒಂದು ಮದುವೆಯಲ್ಲಿದ್ದರು. ಊಟ ಮುಗಿಸಿಕೊಂಡು ಬೈಕಿನಲ್ಲಿ ಬಂದರು. ಚಿಗವ್ವನ ಹೆಸರೇನೆಂದು ಆ ಹೆಂಗಸು ಪಾಸ್ಟರನ್ನೇ ಕೇಳಿ ಚೀಟಿಯಲ್ಲಿ ಬರೆದುಕೊಂಡು, ಕುಣಿಯ ಮುಂದೆ ನಿಂತು ಓದಿದರು.

ನಾನೂ ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಜಗಳ ಬೇಡ ಅಂದುಕೊಂಡೆ. ಈ ಬರಹದಲ್ಲಿ ಸಿಟ್ಟು ಕಂಡರೆ ಅದರಲ್ಲಿ ಅರ್ಧ ನನ್ನ ಮೇಲಿನದೇ.

ಆ ಪಾಸ್ಟರ ಹೆಸರು, ಸಭೆಯ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಉತ್ತರ ಕೊಡಬೇಕಾದವರು ಅವರೇ ಆಗುತ್ತಾರೆ, ಹಿರಿಯರಲ್ಲ. ಇಷ್ಟಕ್ಕೂ ಇದು ಒಂದು ಸಭೆಯ ಕಥೆಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ನೆಂಟರ ಮನೆಗಳಲ್ಲಿ ಇದನ್ನು ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. "ಹಂಗ ಅಲ್ಲೇನು ಮತ್ತ" ಅಂದರು.

ನಾನು ಕನ್ನಡ ಮೇಷ್ಟ್ರು, ಮಾತಿನಿಂದಲೇ ಶುರುಮಾಡುತ್ತೇನೆ. ನಮ್ಮ ಕಡೆ 'ಪಾಸ್ಟರಮ್ಮ' ಅಂದರೆ ಪಾಸ್ಟರನ ಹೆಂಡತಿ. ಆಕೆಗೆ ಸಂಬಳವಿಲ್ಲ, ಕೆಲಸ ಮಾತ್ರ ಬೇಕಾದಷ್ಟು: ಸಂಡೇ ಸ್ಕೂಲ್, ಹೆಂಗಸರ ಕೂಟ, ಉಪವಾಸ ಪ್ರಾರ್ಥನೆ, ಬಂದವರಿಗೆಲ್ಲ ಚಹಾ. ಹೆಂಗಸೇ ಪಾಸ್ಟರ್ ಆದರೆ ಆಕೆಯನ್ನು ಏನೆಂದು ಕರೆಯಬೇಕು? 'ಪಾಸ್ಟರಮ್ಮ' ಆಗಲೇ ಖರ್ಚಾಗಿದೆ. 'ಸಭಾಪಾಲಕ'ಕ್ಕೆ ಸ್ತ್ರೀಲಿಂಗ ರೂಪ ಮಾಡುವುದು ವ್ಯಾಕರಣಕ್ಕೆ ಕಷ್ಟವಲ್ಲ, ನಾಲಿಗೆಗೆ ಕಷ್ಟ. ಹೀಗಾಗಿ ಎಲ್ಲರೂ ಅವರನ್ನು 'ಅಕ್ಕ' ಅನ್ನುತ್ತಾರೆ, ಇಲ್ಲವೇ 'ಸಿಸ್ಟರ್'. ಅಕ್ಕ ಒಳ್ಳೆಯ ಮಾತೇ. ಆದರೆ ಗಂಡಸು ಪಾಸ್ಟರನ್ನು ಯಾರೂ 'ಅಣ್ಣ' ಅಂದು ಮುಗಿಸುವುದಿಲ್ಲ, ಅವರು 'ಅಯ್ಯನವರು'. ಭಾಷೆ ಬದಲಾಗುವುದಿಲ್ಲ ಅನ್ನಬೇಡಿ. ಇದೇ ಊರುಗಳಲ್ಲಿ 'ಡಾಕ್ಟರಮ್ಮ ಬಂದ್ಲು' ಅಂದರೆ ಇಂಜೆಕ್ಷನ್ ಕೊಡುವ ಡಾಕ್ಟರೇ ಬಂದರು ಎಂದು ಎಮ್ಮೆ ಕಾಯುವ ಹುಡುಗನಿಗೂ ಗೊತ್ತು. ಆಕೆಯ ಗಂಡ ಯಾರೆಂದು ಯಾರೂ ಕೇಳುವುದಿಲ್ಲ.

ಸಭೆಗಳ ಕಾನೂನಿನಲ್ಲಿ ತಡೆಯಿಲ್ಲವೇ ಅಂದರೆ, ಕೆಲವು ಕಡೆ ಇದೆ. ಕಥೋಲಿಕ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡುವುದಿಲ್ಲ. 1994ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಆ ಬಾಗಿಲನ್ನು ಪತ್ರ ಬರೆದೇ ಮುಚ್ಚಿದರು. ಅದು ನನಗೆ ಒಪ್ಪಿಗೆಯಿಲ್ಲ, ಆದರೆ ಅಲ್ಲಿ ಇಲ್ಲ ಅನ್ನುವುದನ್ನು ಇಲ್ಲ ಎಂದೇ ಹೇಳುತ್ತಾರೆ. ನನ್ನ ತಕರಾರು ಹೌದು ಎಂದು ಬರೆದುಕೊಟ್ಟು ಇಲ್ಲ ಎಂದು ನಡೆದುಕೊಳ್ಳುವವರ ಜೊತೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., 1970ರ ದಶಕದಲ್ಲೇ ಹೆಂಗಸರಿಗೆ ದೀಕ್ಷೆ ಕೊಟ್ಟಿತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಆ ಕೆಲಸ ಮಾಡಿದ್ದು 1994ರಲ್ಲಿ. 2013ರ ಸೆಪ್ಟೆಂಬರಿನಲ್ಲಿ ಎಗ್ಗೋನಿ ಪುಷ್ಪಲಲಿತಾ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಆದರು, ನಂದ್ಯಾಲಕ್ಕೆ. ನಂದ್ಯಾಲವೇನು ಲಂಡನ್ನಿನಲ್ಲಿಲ್ಲ, ಬಳ್ಳಾರಿಯ ಆಚೆ, ರಾಯಲಸೀಮೆಯಲ್ಲಿದೆ. ನಮ್ಮಂಥದೇ ಬಿಸಿಲು, ನಮ್ಮಂಥದೇ ಕೇರಿಗಳು. ಅಲ್ಲಿ ಹೆಂಗಸೊಬ್ಬರು ಬಿಷಪ್ಪಿನ ಕೋಲು ಹಿಡಿದು ಹತ್ತು ವರ್ಷ ದಾಟಿದ ಮೇಲೂ ನಮ್ಮೂರಲ್ಲಿ ಒಂದು ಹಿಡಿ ಮಣ್ಣು ಹಾಕಿಸಲು ಗಂಡಸು ಬೇಕು.

ಹಿರಿಯರ ಮೊದಲ ಅಸ್ತ್ರ ಪೌಲ. ತಿಮೊಥೆಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ, ಹೆಂಗಸು ಉಪದೇಶ ಮಾಡಬಾರದು ಎಂಬ ಮಾತಿದೆಯಲ್ಲ ಎನ್ನುತ್ತಾರೆ. ಇದೆ. ಅದಕ್ಕಿಂತ ಮೂರು ವಚನ ಹಿಂದೆ, ಹೆಂಗಸರು ಜಡೆ ಹೆಣೆದುಕೊಳ್ಳಬಾರದು, ಚಿನ್ನ ಮುತ್ತು ಬೆಲೆಬಾಳುವ ಬಟ್ಟೆ ಹಾಕಬಾರದು ಎಂಬ ಅರ್ಥದ ಮಾತೂ ಇದೆ. ಕ್ರಿಸ್‌ಮಸ್ ದಿನ ನಮ್ಮ ಹಿರಿಯರ ಮನೆಯವರ ಕೊರಳು ನೋಡಿದ್ದೇನೆ. ಬೋರಮಾಳ ಸರ ಹಾಕಿಕೊಂಡು ಬಂದವರನ್ನು ಬಾಗಿಲಲ್ಲಿ ತಡೆದ ಹಿರಿಯರನ್ನು ಈವರೆಗೆ ಕಂಡಿಲ್ಲ. ಒಂಬತ್ತನೇ ವಚನ ಆ ಕಾಲದ ಮಾತು, ಹನ್ನೆರಡನೇ ವಚನ ಎಲ್ಲ ಕಾಲದ ಮಾತು: ಈ ಗೆರೆ ಎಳೆದವರು ಯಾರು?

ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ, ಪ್ರಾರ್ಥನೆ ಮತ್ತು ಪ್ರವಾದನೆ ಮಾಡುವ ಹೆಂಗಸು ತಲೆಗೆ ಸೆರಗು ಹೊದ್ದಿರಬೇಕು ಅನ್ನುತ್ತಾನೆ. ಸೆರಗಿನ ಮಾತು ಬಿಡಿ, ಹೆಂಗಸರು ಸಭೆಯಲ್ಲಿ ಬಾಯಿ ತೆರೆಯುತ್ತಿದ್ದರು ಎಂಬುದು ಅವನಿಗೆ ಸಹಜ ಸಂಗತಿ. ರೋಮಾಪುರದವರ ಪತ್ರದ ಕೊನೆಯ ಅಧ್ಯಾಯದಲ್ಲಿ ಅವನು ಫೊಯಿಬೆ ಎಂಬ ಹೆಂಗಸನ್ನು ಪರಿಚಯಿಸುತ್ತಾನೆ. ಅವಳಿಗೆ ಹಾಕಿದ ಗ್ರೀಕ್ ಮಾತು 'ದಿಯಾಕೊನೊಸ್'. ಇಂದಿನ 'ಡೀಕನ್' ಹುಟ್ಟಿದ್ದು ಅದರಿಂದಲೇ. ಪೌಲ ತನ್ನನ್ನು ತಾನು ಕರೆದುಕೊಳ್ಳುವಾಗಲೂ ಬಳಸುವ ಮಾತು ಅದು. ಆದರೆ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಪೌಲನ ಪಾಲಿಗೆ ಬಂದಾಗ ಅದು 'ಮಿನಿಸ್ಟರ್', ಫಿಲಿಪ್ಪಿಯ ಗಂಡಸರ ಪಾಲಿಗೆ 'ಡೀಕನ್', ಫೊಯಿಬೆಯ ಪಾಲಿಗೆ ಮಾತ್ರ 'ಸರ್ವೆಂಟ್'. ಅನುವಾದಕರಿಗೂ ಅಡುಗೆಮನೆಯ ಬಾಗಿಲು ಗೊತ್ತಿತ್ತು. ಇಡೀ ರೋಮಾಪುರದವರ ಪತ್ರವನ್ನು ಒಯ್ದು ಮುಟ್ಟಿಸಿದವಳು ಈ ಫೊಯಿಬೆಯೇ ಎಂದು ಅನೇಕ ಪಂಡಿತರು ಹೇಳುತ್ತಾರೆ. ಪುನರುತ್ಥಾನದ ಸುದ್ದಿಯನ್ನು ಮೊದಲು ಹೊತ್ತವಳು ಮಗ್ದಲದ ಮರಿಯ ಎಂದು ಪ್ರತಿ ಈಸ್ಟರ್‌ಗೆ ಪ್ರಸಂಗ ಮಾಡುವ ಅಯ್ಯನವರಿಗೆ, ಆ ಪ್ರಸಂಗವನ್ನು ಒಬ್ಬ ಹೆಂಗಸು ಮಾಡಬಹುದು ಎಂದು ಯಾಕೆ ಹೊಳೆಯುವುದಿಲ್ಲವೋ.

ಹೆಂಗಸರಿಗೆ ಇಷ್ಟು ಆಳದ ಶಾಸ್ತ್ರ ದಕ್ಕುವುದಿಲ್ಲ ಎಂಬ ಮಾತೂ ಕೇಳಿದ್ದೇನೆ. 1858ರಲ್ಲಿ ಕಾರ್ಕಳದ ಮಾಳದ ಬಳಿಯ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಡೀ ಬೈಬಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಮರಾಠಿಗೆ ತಂದರು. 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಅವರು ತರುಣರಿಗೆ ಪಾಠ ಹೇಳುವ ಪ್ರಸ್ತಾಪ ಬಂತು. ಲಾಹೋರ್ ಮತ್ತು ಬೊಂಬಾಯಿಯ ಬಿಷಪ್ಪರು ಬೇಡ ಅಂದರು. ರಮಾಬಾಯಿ ಸುಮ್ಮನಿರಲಿಲ್ಲ, ಖಾರವಾಗಿಯೇ ಪತ್ರ ಬರೆದರು. ಆ ಬಿಷಪ್ಪರ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು?

ಇವೆಲ್ಲ ಎದುರಿಗೆ ಹೇಳುವ ಕಾರಣಗಳು. ನಿಜವಾದ ಕಾರಣ ಬೇರೆ, ಅದನ್ನು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ. ಮಣ್ಣು ಮುಗಿಸಿ ಕೈಕಾಲು ತೊಳೆಯುವಾಗ ನನ್ನ ಸೋದರಮಾವ ಕಿವಿಯಲ್ಲಿ ಹೇಳಿದ: "ತಿಂಗಳಿಗೊಮ್ಮಿ ಆಕಿ ಹೊರಗಿರ್ತಾಳ. ಅದೇ ದಿನ ಸಂಸ್ಕಾರ ಬಂದ್ರ? ಆ ಬಟ್ಟಲ ಹೆಂಗ ಮುಟ್ಟತಾಳ?"

ಆ ಮಾತು ನನ್ನನ್ನು ಅಲ್ಲಾಡಿಸಿತು. ಯಾಕೆಂದರೆ ಈ ಸೋದರಮಾವನ ಅಜ್ಜ, ನನ್ನ ಮುತ್ತಜ್ಜ, ಸಭೆಗೆ ಬಂದದ್ದೇ ಮುಟ್ಟಿಸಿಕೊಳ್ಳದವನಾಗಿ. ನಮ್ಮದು ಊರಾಚೆಯ ಕೇರಿ. ಬಾವಿ ಬೇರೆ, ದಾರಿ ಬೇರೆ, ಗುಡಿಯ ಮೆಟ್ಟಿಲು ಇಲ್ಲವೇ ಇಲ್ಲ. ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುವ ಮೇಜು ಒಂದಿದೆ ಎಂದು ಕೇಳಿ ಆ ಹಿರಿಯ ಬಂದ. ಅವನು ತತ್ವ ಓದಿ ಬಂದವನಲ್ಲ, ಬಟ್ಟಲಿಗಾಗಿ ಬಂದವನು. 'ಮೈಲಿಗೆ' ಎಂಬ ಮಾತನ್ನು ಆ ಕೇರಿ ಹೊಸ್ತಿಲಾಚೆ ಬಿಟ್ಟು ಬಂದಿತ್ತು. ಈಗ ಅವನ ಮೊಮ್ಮಗ ಅದೇ ಮಾತನ್ನು ಎತ್ತಿ ತಂದು ಅದೇ ಮೇಜಿನ ಮೇಲೆ ಇಡುತ್ತಿದ್ದಾನೆ, ನಮ್ಮದೇ ಕೇರಿಯ ಹೆಣ್ಣುಮಗಳ ಮುಂದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಯೇಸುವಿನ ಬಟ್ಟೆಯ ಅಂಚು ಮುಟ್ಟಿದ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ಮುಟ್ಟಿದವರು ಯಾರು ಎಂದು ಅವನು ಕೇಳಿದ್ದು ಬೈಯುವುದಕ್ಕಲ್ಲ. ಮಗಳೇ ಎಂದು ಕರೆದು ಕಳಿಸಿದ. ಸಂಡೇ ಸ್ಕೂಲಿನಲ್ಲಿ ಈ ಕಥೆಯನ್ನು ನನಗೆ ಕಲಿಸಿದವಳು ತೀರಿಕೊಂಡ ಈ ಚಿಗವ್ವನೇ.

'ನಮ್ಮ ಕಡೆಯ ಸಂಪ್ರದಾಯ ಒಪ್ಪುವುದಿಲ್ಲ' ಎಂಬುದು ಕೊನೆಯ ಅಸ್ತ್ರ. ಯಾವ ಕಡೆಯ ಸಂಪ್ರದಾಯ? ಹಳೆಯ ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಎಲ್ಲಮ್ಮನ ಕೊಡ ಹೊತ್ತ ಜೋಗತಿಯ ಕಾಲಿಗೆ ಗಂಡಸರು ಬೀಳುತ್ತಾರೆ. ಬಸವಿ ಬಿಟ್ಟ ಮಗಳು ಗಂಡುಮಗನ ಜಾಗದಲ್ಲಿ ನಿಲ್ಲುತ್ತಿದ್ದಳು: ಅಪ್ಪನ ಆಸ್ತಿಗೆ ಹಕ್ಕುದಾರಳು, ಅಪ್ಪನ ಕರ್ಮ ಮಾಡುವವಳು. 19ನೇ ಶತಮಾನದ ಕೊನೆಯಲ್ಲಿ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಲೇಖನ ಬರೆದಾಗ, ಗಂಡಸಿನ ಹಕ್ಕು ಪಡೆಯುವ ಹೆಂಗಸರು ಎಂಬ ಅರ್ಥದ ತಲೆಬರಹವನ್ನೇ ಕೊಟ್ಟ. ಅಂದರೆ ಹೆಂಗಸು ಕುಣಿಯ ಮುಂದೆ ನಿಲ್ಲುವುದು ಈ ನೆಲಕ್ಕೆ ಹೊಸತೇನಲ್ಲ.

ಆ ಹಕ್ಕಿಗೆ ಅವಳು ಏನನ್ನು ತೆತ್ತಳು ಎಂಬುದನ್ನು ನಾನು ಮರೆತಿಲ್ಲ. ಬಸವಿಯ ಮೈಯನ್ನೇ ಬೆಲೆಯಾಗಿ ಕಿತ್ತುಕೊಂಡರು. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬರಬೇಕಾಯಿತು, ಬಂದ ಮೇಲೂ ಪದ್ಧತಿ ಒಂದೇ ದಿನಕ್ಕೆ ಸಾಯಲಿಲ್ಲ. ಹೆಚ್ಚಿನಂತೆ ನಮ್ಮಂಥ ಕೇರಿಗಳ ಹೆಣ್ಣುಮಕ್ಕಳನ್ನೇ ಕೇಳದೆ ದೇವರಿಗೆ ಬಿಟ್ಟರು. ಈಗ ಅದೇ ಕೇರಿಯ ಒಬ್ಬಳು ಓದಿ, ಪರೀಕ್ಷೆ ಬರೆದು, ತಾನೇ ಬಾಯಿ ಬಿಟ್ಟು ದೇವರ ಸೇವೆಗೆ ಬರುತ್ತೇನೆ ಅಂದಾಗ ಬೇಡ ಅನ್ನುತ್ತೇವೆ. ಕೇಳದವಳನ್ನು ಕೊಟ್ಟೆವು, ಕೇಳಿದವಳನ್ನು ತಡೆದೆವು.

ಸೇವೆಯನ್ನಂತೂ ಯಾರೂ ತಡೆದಿಲ್ಲ, ಇದನ್ನು ಗಮನಿಸಬೇಕು. ಮಿಷನ್ ಕಾಲದಿಂದಲೂ ಬೈಬಲ್ ಹಿಡಿದು ಮನೆಮನೆ ತಿರುಗಿದವರು ಹೆಂಗಸರು. ಗಂಡಸರಿಗೆ ಪ್ರವೇಶವಿಲ್ಲದ ಒಳಮನೆಗೆ ಹೋದವರು ಅವರೇ. ಹುಣ್ಣು ಒರೆಸಬಹುದು, ಹೆಣ ತೊಳೆಯಬಹುದು, ಸಭೆಯ ಕಸ ಹೊಡೆಯಬಹುದು. ಕೊಡದೇ ಉಳಿಸಿಕೊಂಡಿರುವುದು ಬಟ್ಟಲು, ರಿಜಿಸ್ಟರಿನ ಸಹಿ, ಸಂಬಳ. 1872ರ ಕ್ರೈಸ್ತ ವಿವಾಹ ಕಾಯ್ದೆ ಮದುವೆ ಮಾಡಿಸುವ ಅಧಿಕಾರವನ್ನು ದೀಕ್ಷೆ ಪಡೆದ 'ಯಾವುದೇ ವ್ಯಕ್ತಿ'ಗೆ ಕೊಡುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆಗೆ ಸಾಕಾದದ್ದು ನಮ್ಮ ಹಿರಿಯರ ಸಮಿತಿಗೆ ಸಾಲದು. ಮಂಗಳೂರಿನ ಬಲ್ಮಠದಲ್ಲೋ ಬೆಂಗಳೂರಿನಲ್ಲೋ ಗಂಡಸರ ಪಕ್ಕದ ಬೆಂಚಿನಲ್ಲಿ ಕೂತು, ಅದೇ ಗ್ರೀಕ್ ಕಲಿತು ಬಂದ ಹೆಣ್ಣುಮಕ್ಕಳು ಹಾಸ್ಟೆಲ್ ವಾರ್ಡನ್ ಆಗಿ, ಹೆಂಗಸರ ಕೂಟದ ಕಾರ್ಯದರ್ಶಿಯಾಗಿ ಕೂತಿರುವುದನ್ನು ನಾನು ಕಂಡಿದ್ದೇನೆ. 'ನಿಮಗ ಸೇವಾ ಮನಸ್ಸು ಐತಿ' ಎಂದು ಅವರನ್ನು ಹೊಗಳುವವರ ಬಗ್ಗೆ ನನಗೆ ಈಚೆಗೆ ಗುಮಾನಿ ಜಾಸ್ತಿ.

ಹೆಂಗಸರೂ ಒಪ್ಪುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕೆಲವರು ಒಪ್ಪುವುದಿಲ್ಲ, ನಿಜ. ನನ್ನ ಅತ್ತಿಗೆಯೇ "ಅಯ್ಯನವರು ಕೈಯಿಟ್ಟಂಗ ಆಗಂಗಿಲ್ಲ" ಅನ್ನುತ್ತಾಳೆ. ಹುಟ್ಟಿದಾಗಿನಿಂದ ಗಂಡು ದನಿಯಲ್ಲೇ ಆಶೀರ್ವಾದ ಕೇಳಿದ ಕಿವಿ ಅದು. ಹೊಸ ದನಿಗೆ ಒಗ್ಗಲು ನಾಲ್ಕು ಭಾನುವಾರ ಬೇಕು. ಆ ನಾಲ್ಕು ಭಾನುವಾರ ಕೊಡಿ ಎಂದಷ್ಟೇ ನಾನು ಹಿರಿಯರನ್ನು ಕೇಳಿದ್ದು, ಚಿಗವ್ವ ಸತ್ತು ಮೂರು ತಿಂಗಳಾದ ಮೇಲೆ, ಸಭೆಯ ವಾರ್ಷಿಕ ಕೂಟದಲ್ಲಿ. ವಿಷಯಪಟ್ಟಿಯಲ್ಲಿ ಇಲ್ಲ ಎಂದರು. ಮುಂದಿನ ವಿಷಯ ಕಾಂಪೌಂಡಿನ ಬಣ್ಣದ್ದಾಗಿತ್ತು, ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಅವತ್ತು ರಾತ್ರಿ ಊಟ ಮಾಡುತ್ತ ಇದನ್ನು ಅವ್ವನಿಗೆ ಹೇಳಿದೆ. ಅವಳಿಗೆ ಈಗ ಎಪ್ಪತ್ತೊಂದು. ಓದು ಬರಹ ಇಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಬಂದು, "ಹಾಳಿ ತೊಗೊ, ಬರಿ" ಅಂದಳು. ತಾನು ಸತ್ತಾಗ ಮಣ್ಣಿನ ಪ್ರಾರ್ಥನೆ ಆ ಅಕ್ಕನೇ ಓದಬೇಕು, ಬೇರೆ ಯಾರಿಗೂ ಫೋನ್ ಮಾಡಬಾರದು, ಯಾರಿಗಾಗಿಯೂ ಹೆಣ ಕಾಯಿಸಬಾರದು. ಬರೆದೆ. "ಅಕ್ಕ ಅಂತ ಬರಿಬ್ಯಾಡ, ಪಾಸ್ಟರ್ ಅಂತ ಬರಿ" ಅಂದಳು. ಹೊಡೆದು ಹಾಕಿ ತಿದ್ದಿದೆ. ಮಗಳ ನೋಟ್‌ಬುಕ್ಕಿನ ಹಾಳೆ ಅದು. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆಯ ಪಟ್ಟಾ ಇರುವ ಟ್ರಂಕಿನಲ್ಲಿ ಇಟ್ಟಿದ್ದೇನೆ. ಒಂದು ಜೆರಾಕ್ಸ್ ಪ್ರತಿಯನ್ನು ಹಿರಿಯರ ಮನೆಗೆ ಕೊಟ್ಟು ಬಂದೆ. ತೆಗೆದುಕೊಂಡರು, ಓದಿದರು, ಚಹಾ ಕೊಟ್ಟರು, ಏನೂ ಹೇಳಲಿಲ್ಲ.