ಮಾತ್ರೆ ಬಿಡಿಸುವ ಔಷಧ ಕೇಳಬೇಡಿ

‘ಹಕೀಮ್ ಸಾಹೇಬ್ರೇ, ಈ ಬಿ.ಪಿ. ಮಾತ್ರೆ ಬಿಡಿಸುವಂಥ ಔಷಧ ಏನಾದರೂ ಕೊಡಿ.’

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರೋಗಿಗಳನ್ನು ನೋಡುವ ನನಗೆ ಈ ಮಾತು ಕೇಳಿಬರದ ವಾರವಿಲ್ಲ. ಬಟ್ಟೆ ಅಂಗಡಿಯವರು ಕೇಳುತ್ತಾರೆ, ಆಟೋ ಓಡಿಸುವವರು ಕೇಳುತ್ತಾರೆ, ಭದ್ರಾವತಿಯಿಂದ ಬಸ್ಸು ಹಿಡಿದು ಬರುವ ನಿವೃತ್ತ ಕಾರ್ಮಿಕರು ಕೇಳುತ್ತಾರೆ, ಮಗಳ ಮದುವೆಯ ಚಿಂತೆ ಹೊತ್ತ ತಾಯಂದಿರೂ ಕೇಳುತ್ತಾರೆ. ಇಂಗ್ಲಿಷ್ ಮಾತ್ರೆ ದೇಹಕ್ಕೆ ಉಷ್ಣ, ಕಿಡ್ನಿ ಕೆಡಿಸುತ್ತದೆ, ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡುವ ಹಾಗಿಲ್ಲ ಎಂಬ ಹೆದರಿಕೆ ಅವರದು. ಯುನಾನಿ ಓದಿದ ವೈದ್ಯ ‘ಹೌದು, ಬಿಟ್ಟುಬಿಡಿ’ ಎಂದೇ ಹೇಳುತ್ತಾನೆಂದು ನಂಬಿ ಬಂದಿರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅದರ ಕಾರಣವನ್ನು ದವಾಖಾನೆಯ ಐದು ನಿಮಿಷದಲ್ಲಿ ವಿವರಿಸಲಾಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೋವಿಲ್ಲದ ಕಾಯಿಲೆ

ಹೃದಯ ರಕ್ತವನ್ನು ತಳ್ಳಿದಾಗ ಆ ರಕ್ತ ನಾಳದ ಗೋಡೆಗಳನ್ನು ಒತ್ತುತ್ತದೆ. ಇದೇ ರಕ್ತದೊತ್ತಡ. ಹೃದಯ ಸಂಕುಚಿಸಿದಾಗಿನ ಒತ್ತಡ ಮೇಲಿನ ಅಂಕಿ, ಅದು ಸಡಿಲಗೊಂಡಾಗಿನದು ಕೆಳಗಿನ ಅಂಕಿ. 120/80ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ ವೈದ್ಯರ ಬಳಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಕಾಯಿಲೆ. ಮನೆಯಲ್ಲಿ ಅಳೆದರೆ 135/85ರಿಂದಲೇ ಎಚ್ಚರ ಬೇಕು.

‘ನನಗೆ ತಲೆನೋವಿಲ್ಲ, ತಲೆ ಸುತ್ತುವುದಿಲ್ಲ, ಬಿ.ಪಿ. ಎಲ್ಲಿಂದ ಬಂತು?’ ಎಂದು ಹಲವರು ವಾದಿಸುತ್ತಾರೆ. ಈ ಕಾಯಿಲೆಯ ಕೆಡುಕು ಇರುವುದೇ ಅಲ್ಲಿ. ಹಲ್ಲುನೋವು ರಾತ್ರಿ ಎಬ್ಬಿಸಿ ಕೂರಿಸುತ್ತದೆ, ರಕ್ತದೊತ್ತಡ ಹತ್ತು ವರ್ಷವಾದರೂ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ನಾಳಗಳು ಗಡುಸಾಗಿ ಹೃದಯ, ಮೆದುಳು, ಕಿಡ್ನಿ, ಕಣ್ಣು ಸವೆಯುತ್ತಾ ಹೋಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 35ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಈ ಕಾಯಿಲೆ ಇರುವವರಲ್ಲಿ ಅರ್ಧದ ಹತ್ತಿರದಷ್ಟು ಜನರಿಗೆ ಅದು ಗೊತ್ತೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಿಡ್ನಿಯ ಮಾತಿಗೆ ಬರೋಣ. ಬಿ.ಪಿ. ಮಾತ್ರೆ ಕಿಡ್ನಿ ಕೆಡಿಸುತ್ತದೆ ಎಂಬುದು ತಲೆಕೆಳಗಾದ ಮಾತು. ಹತೋಟಿಗೆ ಬಾರದ ಒತ್ತಡವೇ ಕಿಡ್ನಿಯನ್ನು ಕೆಡಿಸುತ್ತದೆ. ಬಿ.ಪಿ. ಮಾತ್ರೆಗಳಲ್ಲಿ ಕೆಲವಂತೂ ಕಿಡ್ನಿಯನ್ನು ಕಾಯುವವು. ನಿಜವಾಗಿ ಹೆದರಬೇಕಾದದ್ದು ಮೊಣಕಾಲು ನೋವಿಗೆಂದು ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗೆ. ಅದು ಕಿಡ್ನಿಗೂ ಪೆಟ್ಟು, ಬಿ.ಪಿ.ಯನ್ನೂ ಏರಿಸುತ್ತದೆ.

ನಾಡಿ ಹಿಡಿದರೆ ಅಂಕಿ ಸಿಗದು

‘ನೀವು ನಬ್ಝ್ ನೋಡಿಯೇ ಹೇಳಿ, ಆ ಪಟ್ಟಿ ಕಟ್ಟಬೇಡಿ’ ಎನ್ನುವವರೂ ಇದ್ದಾರೆ. ನಾಡಿ ನೋಡುವುದು ನಮ್ಮ ಪದ್ಧತಿಯ ದೊಡ್ಡ ವಿದ್ಯೆ. ಇಬ್ನ್ ಸೀನಾ ಅದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಅವರು ತೀರಿಕೊಂಡದ್ದು 1037ರಲ್ಲಿ. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೋಚಿ ರೂಪಿಸಿದ್ದು 1896ರಲ್ಲಿ. ನಾಳದ ಸದ್ದು ಕೇಳಿ ಎರಡೂ ಅಂಕಿ ತಿಳಿಯುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ ತೋರಿಸಿದ್ದು 1905ರಲ್ಲಿ. ನಾಡಿಯಿಂದ ಬಡಿತದ ವೇಗ, ಲಯ, ಬಿರುಸು ತಿಳಿಯುತ್ತದೆ. ಅದು 150 ಅಥವಾ 170 ಎಂದು ಯಾವ ಬೆರಳೂ ಹೇಳಲಾರದು. ಆ ಉಪಕರಣ ಕೈಗೆ ಸಿಕ್ಕಿದ್ದರೆ ಹಳೆಯ ಹಕೀಮರು ಅದನ್ನು ಮೊದಲು ಎತ್ತಿಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ.

ಅಳೆಯುವುದಕ್ಕೂ ಕ್ರಮವಿದೆ. ಅರ್ಧ ಗಂಟೆ ಮೊದಲು ಚಹಾ, ಬೀಡಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವಂತೆ, ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಅಳೆಯುವಾಗ ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಪಟ್ಟಿ ಬರಿ ತೋಳಿನ ಮೇಲಿರಬೇಕು. ಬುರ್ಖಾದ ತೋಳಿನ ಮೇಲೆ, ದಪ್ಪ ಅಂಗಿಯ ಮೇಲೆ ಕಟ್ಟಿದರೆ ಬರುವ ಅಂಕಿಯನ್ನು ನಂಬಲಾಗದು. ಸಂಕೋಚವಿದ್ದರೆ ಮಹಿಳಾ ಸಿಬ್ಬಂದಿಯನ್ನು ಕೇಳಿ, ಇಲ್ಲವೇ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಗಿಡಮೂಲಿಕೆ ಎಂದರೆ ಅಪಾಯವಿಲ್ಲವೆಂದಲ್ಲ

ಬಿ.ಪಿ. ಇಳಿಸುವ ಮೂಲಿಕೆ ಯುನಾನಿಯಲ್ಲಿ ಇಲ್ಲವೇ? ಇದೆ. ಅಸ್ರೋಲ್, ಎಂದರೆ ಕನ್ನಡದ ಸರ್ಪಗಂಧಿ. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಅದರ ಬೇರನ್ನು ಪರೀಕ್ಷಿಸಿದ ರಸಾಯನ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ 1931ರಲ್ಲಿ ಹೊಸ ಸತ್ವವೊಂದನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಈ ಬೇರು ರಕ್ತದೊತ್ತಡ ಇಳಿಸುವುದನ್ನು ಬ್ರಿಟನ್ನಿನ ಹೃದಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಅದೇ ಬೇರು ಕೆಲವರ ಮನಸ್ಸನ್ನು ಖಿನ್ನತೆಗೆ ದೂಡುತ್ತದೆ, ನಾಡಿಯನ್ನು ನಿಧಾನಗೊಳಿಸುತ್ತದೆ, ಮೂಗು ಕಟ್ಟಿಸುತ್ತದೆ. ಬೇರೆ ಮಾತ್ರೆ ತಿನ್ನುತ್ತಿರುವವರು ವೈದ್ಯರಿಗೆ ಹೇಳದೆ ಅದನ್ನೂ ಸೇರಿಸಿದರೆ ಒತ್ತಡ ಒಮ್ಮೆಲೇ ಕುಸಿಯಬಹುದು. ಕೆಲಸ ಮಾಡುವ ಔಷಧಕ್ಕೆ ಅಡ್ಡ ಪರಿಣಾಮವೂ ಇರುತ್ತದೆ. ಅದು ಬೇರಿನಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ.

ಇನ್ನೊಂದು ಉದಾಹರಣೆ ಮುಲೇಠಿ, ಎಂದರೆ ಜ್ಯೇಷ್ಠಮಧು. ಕೆಮ್ಮಿಗೆ, ಗಂಟಲಿಗೆ ಒಳ್ಳೆಯದೆಂದು ದಿನವೂ ಜಗಿಯುವವರಿದ್ದಾರೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಅದು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಬಿ.ಪಿ. ಏರಿಸುತ್ತದೆ. ಇನ್ನು ಹೆಸರು, ಪಟ್ಟಿ, ತಾರೀಖು ಯಾವುದೂ ಇಲ್ಲದ ಪೊಟ್ಟಣದ ಪುಡಿಗಳು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದುಂಟು. ನೋವು ಮಾಯವಾಯಿತೆಂದು ನೀವು ಸಂತೋಷಪಡುತ್ತೀರಿ, ಒಳಗೆ ಬಿ.ಪಿ. ಮತ್ತು ಸಕ್ಕರೆ ಏರುತ್ತಿರುತ್ತವೆ.

ಹಿಜಾಮಾ ವಿಷಯದಲ್ಲೂ ಇದೇ ಮಾತು. ನಾನು ಹಿಜಾಮಾ ಮಾಡುತ್ತೇನೆ. ಮಾಡುವ ಮೊದಲು ಬಿ.ಪಿ. ನೋಡುತ್ತೇನೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತೀರಾ ಎಂದು ಕೇಳುತ್ತೇನೆ. ಆದರೆ ‘ಮೂರು ಸಲ ಹಿಜಾಮಾ ಮಾಡಿಸಿಕೊಳ್ಳಿ, ಮಾತ್ರೆ ಬಿಸಾಕಿ’ ಎನ್ನುವವರ ಮಾತನ್ನು ನಂಬಬೇಡಿ. ಮಾತ್ರೆ ಬಿಟ್ಟ ಮೊದಲ ವಾರ ಏನೂ ಆಗದಿರಬಹುದು, ಎರಡನೇ ತಿಂಗಳೂ ಆಗದಿರಬಹುದು. ಒಂದು ದಿನ ಬೆಳಿಗ್ಗೆ ವುಝೂಗೆಂದು ಎದ್ದವರ ಬಲಗೈ ಮೇಲೇಳುವುದಿಲ್ಲ. ದುಡಿಯುವ ಒಬ್ಬರು ಮಲಗಿದರೆ ಮನೆಯಲ್ಲಿ ಮಗನ ಓದು ನಿಲ್ಲುತ್ತದೆ, ಅಂಗಡಿ ಮುಚ್ಚುತ್ತದೆ, ಹೆಂಡತಿಯ ಒಡವೆ ಅಡವಿಗೆ ಹೋಗುತ್ತದೆ. ಇಂಥ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು. ಮೇಲಿನ ಅಂಕಿಯನ್ನು ಹತ್ತು ಇಳಿಸಿದರೆ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗದಷ್ಟು ತಗ್ಗುತ್ತದೆ. ದಿನಕ್ಕೊಂದು ಮಾತ್ರೆಗೆ ಇದು ಸಣ್ಣ ಪ್ರತಿಫಲವೇ?

ಹಾಗಾದರೆ ಯುನಾನಿಯ ಪಾಲೇನು?

ದೊಡ್ಡ ಪಾಲೇ ಇದೆ. ಆರೋಗ್ಯಕ್ಕೆ ಆರು ಸಂಗತಿ ಅಗತ್ಯವೆಂದು ನಮ್ಮ ಪದ್ಧತಿ ಹೇಳುತ್ತದೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅದರ ಹೆಸರು. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ದುಡಿಮೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹೊರಹಾಕಬೇಕಾದದ್ದು ಮತ್ತು ಉಳಿಸಿಕೊಳ್ಳಬೇಕಾದದ್ದು. ರಕ್ತದೊತ್ತಡಕ್ಕೆ ಇದಕ್ಕಿಂತ ಒಳ್ಳೆಯ ಪಥ್ಯದ ಪಟ್ಟಿ ಬೇಕಿಲ್ಲ.

ಮೊದಲು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮಟ್ಟಸ ಮಾಡಿದ ಒಂದು ಚಹಾ ಚಮಚ, ಎಲ್ಲ ಅಡುಗೆ ತಿಂಡಿ ಸೇರಿ. ಐದು ಮಂದಿಯ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ. ನಿಮ್ಮ ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುತ್ತದೆ? ಇವತ್ತೇ ಪೊಟ್ಟಣದ ಮೇಲೆ ತಾರೀಖು ಬರೆದಿಡಿ, ಲೆಕ್ಕ ತಾನೇ ಸಿಗುತ್ತದೆ. ನಮ್ಮ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಬೇಕರಿಯ ಖಾರ ಬನ್ನು, ನಿಪ್ಪಟ್ಟು, ಇವೆಲ್ಲ ಲೆಕ್ಕಕ್ಕೆ ಬಾರದೆ ಹೊಟ್ಟೆ ಸೇರುವ ಉಪ್ಪು. ಉಪ್ಪಿನ ಡಬ್ಬಿ ಅಡುಗೆಮನೆಯಲ್ಲಿರಲಿ, ದಸ್ತರ್‌ಖಾನಿನ ಮೇಲೆ ಬೇಡ. ಸೈಂಧವ ಲವಣ, ಕಪ್ಪು ಉಪ್ಪು ಎಂದು ಹೆಸರು ಬದಲಾದರೂ ಅದು ಉಪ್ಪೇ. ‘ಕಡಿಮೆ ಸೋಡಿಯಂ’ ಉಪ್ಪನ್ನು ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಬಿರಿಯಾನಿ ತಿನ್ನಲೇಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ವಾರದಲ್ಲಿ ಒಂದು ದಿನ ಇರಲಿ, ತಟ್ಟೆಯ ಅರ್ಧಕ್ಕೆ ಸೌತೆಕಾಯಿ, ಸೊಪ್ಪು, ತರಕಾರಿ ಇರಲಿ. ಉಳಿದ ದಿನ ಬೇಳೆ, ಹಣ್ಣು, ಹುಳಿ ಮಜ್ಜಿಗೆ ಇರಲಿ, ಮಜ್ಜಿಗೆಗೆ ಉಪ್ಪು ಬೇಡ.

ನಮಾಝ್ ಇಬಾದತ್, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಹಾಕಬೇಡಿ. ಆದರೆ ಹತ್ತು ನಿಮಿಷ ದೂರದ ಮಸೀದಿಗೆ ಬೈಕ್ ಏಕೆ? ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಫಜ್ರ್ ನಂತರ ನೆಹರು ಕ್ರೀಡಾಂಗಣಕ್ಕೆ ಹೋಗಿ ನೋಡಿ, ಜೊತೆಗಾರರು ಸಿಗುತ್ತಾರೆ. ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿದು ಕೂರುವ ರೂಢಿ ಬಿಡಿ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರು ಅದನ್ನು ವೈದ್ಯರಿಗೆ ಹೇಳಿ, ಬಿ.ಪಿ.ಗೂ ಅದಕ್ಕೂ ನಂಟಿದೆ. ತಂಬಾಕು, ಗುಟ್ಕಾ, ಬೀಡಿ ಪೂರ್ತಿ ಬಿಡಿ. ಅಡಿಕೆ ಬೆಳೆಯುವ ಜಿಲ್ಲೆಯವರಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ಇಷ್ಟೆಲ್ಲ ಪಾಲಿಸಿದವರ ಮಾತ್ರೆ ಕಡಿಮೆಯಾಗುವುದುಂಟು. ಒತ್ತಡ ಸ್ವಲ್ಪವೇ ಏರಿದ್ದು ಬೇರೆ ಕಾಯಿಲೆ ಇಲ್ಲದವರಿಗೆ ವೈದ್ಯರು ಕೆಲ ಕಾಲ ಪಥ್ಯದಲ್ಲೇ ಇಟ್ಟು ನೋಡುವುದೂ ಉಂಟು. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಅಂಕಿ ನೋಡಿದ ವೈದ್ಯರು. ಪಕ್ಕದ ಮನೆಯವರಲ್ಲ, ವಾಟ್ಸಾಪ್ ಕೂಡ ಅಲ್ಲ. ಮಾತ್ರೆಯಿಂದ ಪಾದ ಊದಿದರೆ, ಒಣಕೆಮ್ಮು ಬಂದರೆ, ಸುಜೂದ್‌ನಿಂದ ಏಳುವಾಗ ಕಣ್ಣು ಕತ್ತಲಾದರೆ ಹೋಗಿ ಹೇಳಿ. ಬೇರೆ ಮಾತ್ರೆಗಳಿವೆ, ಬದಲಿಸುತ್ತಾರೆ.

ಮನೆಯ ಹೆಂಗಸರ ಬಿ.ಪಿ. ನೋಡಿದವರಾರು?

ಗಂಡನ ಮಾತ್ರೆಯ ಸಮಯ ನೆನಪಿಸುವವಳು ಹೆಂಡತಿ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಸೊಸೆ. ಅವಳ ತೋಳಿಗೆ ಕೊನೆಯ ಸಲ ಪಟ್ಟಿ ಕಟ್ಟಿದ್ದು ಯಾವಾಗ ಎಂದು ಕೇಳಿದರೆ ‘ಕೊನೇ ಹೆರಿಗೇಲಿ’ ಎಂಬ ಉತ್ತರ ಬರುತ್ತದೆ. ಆ ಮಗು ಈಗ ಪಿಯುಸಿಯಲ್ಲಿರುತ್ತದೆ! ಗರ್ಭಿಣಿಯಾಗಿದ್ದಾಗ ಬಿ.ಪಿ. ಏರಿದ್ದವರಿಗೆ ಮುಂದೆಯೂ ಅದು ಬರುವ ಸಂಭವ ಹೆಚ್ಚು. ಗರ್ಭಿಣಿಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಬಸುರಿನಲ್ಲಿ ನಿಷಿದ್ಧ, ಆದ್ದರಿಂದ ಮಗುವಿನ ನಿರೀಕ್ಷೆಯಲ್ಲಿರುವವರು ಮೊದಲೇ ತಿಳಿಸಬೇಕು.

ರಮಝಾನಿನಲ್ಲಿ

ಉಪವಾಸದ ತಿಂಗಳಲ್ಲಿ ಮಾತ್ರೆಯನ್ನೂ ಬಿಟ್ಟುಬಿಡುವವರಿದ್ದಾರೆ. ಬೇಡ. ರಮಝಾನಿಗೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೊಮ್ಮೆ ತಿನ್ನುವ ಮಾತ್ರೆಗಳನ್ನು ಸಹರಿ ಅಥವಾ ಇಫ್ತಾರ್‌ಗೆ ಹೊಂದಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಇಫ್ತಾರ್ ನಂತರಕ್ಕೆ ಬದಲಿಸುವುದು ವಾಡಿಕೆ, ಹಗಲು ನೀರು ಕುಡಿಯುವಂತಿಲ್ಲವಲ್ಲ. ಸಮೋಸ, ಪಕೋಡಾ, ಉಪ್ಪಿನಕಾಯಿಗಿಂತ ಗಂಜಿ, ಖರ್ಜೂರ, ಹಣ್ಣು ಒಳ್ಳೆಯದು. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ರೋಗಿಗೆ ದೀನ್ ಕೊಟ್ಟ ರಿಯಾಯಿತಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ. ಉಳಿದ ಹನ್ನೊಂದು ತಿಂಗಳು ಮಾತ್ರೆಯನ್ನು ಫಜ್ರ್‌ಗೋ ಇಶಾಗೋ ಜೋಡಿಸಿಕೊಂಡರೆ ಮರೆವಿನ ಮಾತೇ ಇಲ್ಲ.

ಇವು ಕಂಡರೆ ಕಾಯಬೇಡಿ

ಬಾಯಿ ಒಂದು ಬದಿಗೆ ಸೊಟ್ಟಗಾದರೆ, ಒಂದು ಕೈ ಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ, ಎದೆ ಹಿಂಡಿದಂತಾದರೆ, ಅಥವಾ ಬಿ.ಪಿ. 180/120 ದಾಟಿ ಜೊತೆಗೆ ಉಸಿರಾಟದ ತೊಂದರೆ, ತೀವ್ರ ತಲೆನೋವು ಇದ್ದರೆ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಿಗುವ ಕಾಲ ನಾಲ್ಕೂವರೆ ಗಂಟೆ ಮಾತ್ರ. ಬಾಯಿಗೆ ನೀರು, ಜೇನು, ಮಾತ್ರೆ ಏನನ್ನೂ ಹಾಕಬೇಡಿ. ನನ್ನ ಬಳಿಗೂ ತರಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ.

ದುಡ್ಡಿನ ನೆಪ ಬೇಡ. ಬಿ.ಪಿ. ಪರೀಕ್ಷೆ ಮತ್ತು ಸಾಮಾನ್ಯ ಮಾತ್ರೆಗಳು ನಮ್ಮ ಮೆಗ್ಗಾನ್ ಆಸ್ಪತ್ರೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುತ್ತವೆ. ಸರಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿ.ಪಿ., ಸಕ್ಕರೆ ನೋಡಲು ಸಿಬ್ಬಂದಿ ಮನೆಗೇ ಬರುತ್ತಾರೆ. ಬಂದವರನ್ನು ‘ನಮಗೇನಿಲ್ಲ’ ಎಂದು ಬಾಗಿಲಲ್ಲೇ ಕಳಿಸಬೇಡಿ.

ಮಸೀದಿ ಕಮಿಟಿಗಳಿಗೆ ನನ್ನದೊಂದು ಬಿನ್ನಹ. ಒಂದು ಬಿ.ಪಿ. ಯಂತ್ರ, ಒಂದು ಮೇಜು, ಒಂದು ನೋಟ್ ಪುಸ್ತಕ ಸಾಕು. ತಿಂಗಳಿಗೊಂದು ಜುಮಾ ನಂತರ 30 ದಾಟಿದ ಎಲ್ಲರ ಬಿ.ಪಿ. ನೋಡಿ ಚೀಟಿ ಬರೆದುಕೊಡಿ. ಹೆಂಗಸರು ಸೇರುವ ಇಜ್ತಿಮಾದಲ್ಲಿ ನಮ್ಮದೇ ಹೆಣ್ಣುಮಕ್ಕಳು, ನರ್ಸಿಂಗ್ ಓದಿದವರು, ಈ ಕೆಲಸ ಮಾಡಲಿ. ಶಿವಮೊಗ್ಗ, ಭದ್ರಾವತಿಯ ಪ್ರತಿ ಮೊಹಲ್ಲಾದಲ್ಲಿ ಇದು ಸಾಧ್ಯ.

ಅಂಕಿ ಹೆಚ್ಚು ಬಂದವರು ಆ ಚೀಟಿ ಹಿಡಿದು ಯಾವ ಪದ್ಧತಿಯ ವೈದ್ಯರ ಬಳಿಗಾದರೂ ಹೋಗಿ. ನನ್ನಲ್ಲಿಗೂ ಬನ್ನಿ, ಪಥ್ಯ ಹೇಳುತ್ತೇನೆ, ನಾಡಿಯನ್ನೂ ನೋಡುತ್ತೇನೆ. ಈಗ ತಿನ್ನುತ್ತಿರುವ ಮಾತ್ರೆಯ ಪಟ್ಟಿಯನ್ನು ಮಾತ್ರ ಮರೆಯದೆ ಜೇಬಿನಲ್ಲಿ ತನ್ನಿ.